ಉಳಿದ ನಡಿಗೆ ಯಾರ ಪಾಲಿಗೆ?

ಹೊಸಕೋಟೆ, ಮಾಲೂರು, ನೆಲಮಂಗಲದ ಸುತ್ತ ಗೋದಾಮುಗಳು ಎದ್ದಿವೆ. ಆರ್ಡರ್ ಬಂದ ಸಾಮಾನನ್ನು ರ್‍ಯಾಕ್‌ನಿಂದ ಆಯ್ದು ತರುವ ಕೆಲಸಕ್ಕೆ ಅಲ್ಲಿ ಪಿಕಿಂಗ್ ಅನ್ನುತ್ತಾರೆ. ಯಾವ ಪಿಕಿಂಗ್ ವಿಧಾನ ಒಳ್ಳೆಯದು ಎಂದು ಮ್ಯಾನೇಜರ್‌ಗಳು ನೋಡುವುದು ಒಂದೇ ಲೆಕ್ಕ: ಗಂಟೆಗೆ ಎಷ್ಟು ಸಾಮಾನು?

ಒಂದೊಂದೇ ಆರ್ಡರ್ ಹಿಡಿದು ಹೊರಟರೆ ತಪ್ಪು ಕಡಿಮೆ, ನಡಿಗೆ ವಿಪರೀತ. ಹತ್ತಾರು ಆರ್ಡರ್ ಸೇರಿಸಿ ಬ್ಯಾಚ್ ಮಾಡಿದರೆ ನಡಿಗೆ ಉಳಿಯುತ್ತದೆ. ಗಾಡಿ ಭಾರವಾಗುತ್ತದೆ, ಆಮೇಲೆ ವಿಂಗಡಿಸುವ ಕೆಲಸ ಬೇರೆ. ಝೋನ್ ಮಾಡಿದರೆ ಒಬ್ಬರಿಗೆ ಒಂದೇ ಸಾಲು. ಅಕ್ಕಿ ಮೂಟೆ, ಎಣ್ಣೆ ಕ್ಯಾನಿನ ಸಾಲು ಸಿಕ್ಕವರ ಸೊಂಟದ ಗತಿ ಏನು? ಲಿಪ್‌ಸ್ಟಿಕ್ ಸಾಲಿನವರಿಗೂ ಅವರಿಗೂ ಸಂಬಳ ಒಂದೇ ತಾನೆ!

ಯಾವ ವಿಧಾನವಾದರೂ ಬರಲಿ. ಆದರೆ ಉಳಿದ ನಡಿಗೆಯನ್ನೆಲ್ಲ ಟಾರ್ಗೆಟ್ ಏರಿಸಿ ಕಿತ್ತುಕೊಂಡರೆ ಪಿಕರ್‌ಗೆ ಸಿಕ್ಕಿದ್ದೇನು? ಅಂಗಡಿ ನೌಕರರಿಗೆ ಕೂರಲು ಆಸನ ಇರಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಗೋದಾಮಿನಲ್ಲಿ ಇಡೀ ಪಾಳಿ ನಿಂತೇ ದುಡಿಯುವವರ ಕಾಲು ಕಾಲಲ್ಲವೇ? ವಿಧಾನ ಬದಲಿಸುವ ಮುಂಚೆ ಗಾಡಿಯ ತೂಕಕ್ಕೆ ಮಿತಿ, ಭಾರದ ಸಾಲಿಗೆ ಸರದಿ, ಕೂರುವ ಹೊತ್ತು ಇಷ್ಟನ್ನು ಪಿಕರ್‌ಗಳನ್ನೇ ಕೇಳಿ ಬರೆದಿಡಲಿ. ಟಾರ್ಗೆಟ್ ಆಮೇಲೆ ಮಾತಾಡೋಣ.