ಹೂಗಿಡದ ಕ್ಲಬ್ಬಿಗೆ ದುಡ್ಡು ಕೊಟ್ಟು ಸೇರ್ಬೇಕಾ?

ಹೋದ ವಾರ ನಮ್ಮ ಓರಗಿತ್ತಿ ಕೇಳಿದ್ಲು, "ಅಲ್ಲ ಕಣಕ್ಕ, ಬೇಲಿ ಮೇಲೆ ಕೈ ಚಾಚಿದ್ರೆ ಗಿಡ ಸಿಗ್ತದೆ. ಅದಕ್ಕೆ ವರ್ಷಕ್ಕೆ ಐನೂರು ಕೊಟ್ಟು ಮೆಂಬರ್ ಆಗ್ಬೇಕಾ?" ಅವತ್ತು ನಕ್ಕು ಸುಮ್ನಾದೆ. ಇವತ್ತು ಹೇಳ್ತೀನಿ ಕೇಳಿ.

ಅವಳು ಹೇಳದು ಸುಳ್ಳಲ್ಲ. ನಮ್ಮ ಕಡೆ ಡೇರೆ ಗೆಡ್ಡೆನ ದುಡ್ಡು ಕೊಟ್ಟು ತಂದೋರು ಯಾರಿದಾರೆ? ನೆಂಟರ ಮನೆಗೆ ಹೋದ್ರೆ ಬರುವಾಗ ಕವರಿನಲ್ಲಿ ಎರಡು ಗೆಡ್ಡೆ ಇದ್ದೇ ಇರ್ತಿತ್ತು. ಕೇಳದೆ ಮುರ್ಕೊಂಡು ಬಂದ ಕಡ್ಡಿನೇ ಚೆನ್ನಾಗಿ ಹತ್ತದು ಅಂತ ನಗ್ತಿದ್ವಿ.

ಆದ್ರೆ ಗಿಡ ಕೈ ಬದಲಾಯ್ತು, ಬೆಳೆಸೋದು ಹೆಂಗೆ ಅನ್ನೋದು ಜೊತೇಲಿ ಬರ್ಲಿಲ್ಲ. ಮೂರು ವರ್ಷ ನಾನು ನೆಟ್ಟ ಗೆಡ್ಡೆ ಅರ್ಧಕ್ಕರ್ಧ ಮೊಳಕೆನೇ ಬರ್ಲಿಲ್ಲ. ನನ್ನ ಕೈಗುಣನೇ ಇಷ್ಟು ಅಂದ್ಕೊಂಡಿದ್ದೆ. ಕ್ಲಬ್ಬಿಗೆ ಹೋದ ಮೊದಲ್ನೇ ದಿನ ಅಲ್ಲಿನ ಹಿರಿಯರೊಬ್ರು ಗೆಡ್ಡೆ ತಿರುಗಿಸಿ ತೋರಿಸಿದ್ರು. ಡೇರೆಗೆ ಕಣ್ಣಿರದು ಆಲೂಗಡ್ಡೆ ಥರ ಮೈಮೇಲಲ್ಲ, ಹಳೇ ಕಾಂಡಕ್ಕೆ ಅಂಟಿರೋ ಕುತ್ತಿಗೆ ಹತ್ರ. ಕುತ್ತಿಗೆ ಮುರಿದ್ರೆ ಗೆಡ್ಡೆ ಎಷ್ಟು ದಪ್ಪ ಇದ್ರೂ ದಂಡ. ನಮ್ಮ ಮಳೆಗೆ ಗುಂಡೀಲಿ ನೆಟ್ರೆ ಕೊಳೀತದೆ, ಏರು ಮಡಿ ಮಾಡ್ಬೇಕು. ಗಿಡ ಒಣಗಿದ ಮೇಲೆ ಕಿತ್ತು, ಒಣ ಮರಳಲ್ಲಿಟ್ಟು, ಮೇ ತಿಂಗಳ ಮಳೆಗೆ ಮತ್ತೆ ನೆಡ್ಬೇಕು. ಈ ಸಲ ಗೌರಿಹಬ್ಬಕ್ಕೆ ನಮ್ಮ ಅಂಗಳ ನೋಡಿದೀರಲ್ಲ!

ಇಂಥ ಸಂಘ ಹೊಸದೇನಲ್ಲ. ಲಾಲ್‌ಬಾಗಿನ ಕೃಂಬಿಗಲ್ ಸಾಹೇಬ್ರ ಕಾಲದಲ್ಲಿ, 1912ರಲ್ಲೇ, ಮೈಸೂರು ಉದ್ಯಾನ ಕಲಾ ಸಂಘ ಶುರುವಾಯ್ತು. ಗಾಜಿನ ಮನೇಲಿ ಜನವರಿ, ಆಗಸ್ಟಿಗೆ ನಡೆಯೋ ಫಲಪುಷ್ಪ ಪ್ರದರ್ಶನದ ಜೊತೆ ಈ ಸಂಘದ ಹೆಸರೂ ಇರ್ತದೆ. ನಮ್ಮದು ಅಂದ್ಕೊಂಡಿರೋ ಡೇರೆನೂ ಮೆಕ್ಸಿಕೋ ದೇಶದ ಗಿಡ. ಗಿಡದ ಹುಚ್ಚಿರೋರು ಕೈಯಿಂದ ಕೈಗೆ ದಾಟಿಸಿದ್ದಕ್ಕೇ ಅದು ಹೊಸಕೋಟೆ ಅಂಗಳದ ತನಕ ಬಂದಿರದು.

ಇನ್ನೊಂದು ಮಾತು. ಗಂಡಸರಿಗೆ ಪ್ಲಾಂಟರ್ಸ್ ಕ್ಲಬ್ಬು ಯಾವತ್ತಿಂದನೋ ಐತೆ. ಅಲ್ಲಿಗೆ ನಾವು ಹೋದ್ರೂ "ಇಂಥೋರ ಮನೆಯೋರು" ಅಂತಲೇ. ಇಲ್ಲಿ ರಸೀದಿ ನನ್ನ ಹೆಸರಿಗೆ ಬರೆದ್ರು. ರೇಷನ್ ಕಾರ್ಡು ಬಿಟ್ರೆ ನನ್ನ ಹೆಸರು ಮೊದಲು ಇರೋ ಚೀಟಿ ಅದೊಂದೇ. ನಗ್ಬೇಡಿ, ಬೀರುವಿನಲ್ಲಿ ಜೋಪಾನವಾಗಿಟ್ಟಿದೀನಿ.

ಹಂಗಂತ ಎಲ್ಲಾ ಕ್ಲಬ್ಬೂ ಒಳ್ಳೇದು ಅನ್ನಲ್ಲ. ಸೀರೆ, ದುಬಾರಿ ಕುಂಡ ತೋರಿಸೋಕೇ ಸೇರೋದಾದ್ರೆ ಆ ಐನೂರಿಗೆ ಗೊಬ್ಬರ ತಗೊಳ್ಳೋದೇ ವಾಸಿ. ಹೋಗಿ ಒಂದು ಸಲ ಕೂತು ನೋಡಿ. ಗೊತ್ತಿರದನ್ನ ಮುಚ್ಚಿಡದೆ ಹೇಳ್ಕೊಡ್ತಾರಾ? ಹಂಗಿದ್ರೆ ಮಾತ್ರ ದುಡ್ಡು ಕಟ್ಟಿ.

ಕಟ್ಟೋಕೆ ಆಗ್ದಿರೋರು ಬೇಜಾರು ಮಾಡ್ಕೋಬೇಡಿ. ಮೇ ತಿಂಗಳಲ್ಲಿ ನಮ್ಮನೆಗೆ ಬನ್ನಿ, ಗೆಡ್ಡೆ ಕೊಡ್ತೀನಿ. ಕಣ್ಣೆಲ್ಲಿರ್ತದೆ ಅಂತ ತೋರಿಸೇ ಕಳಿಸ್ತೀನಿ.