ನಾಲ್ವರು ಸಹೋದರಿಯರು ಮತ್ತು ಹದಿನೇಳನೆಯ ಅಧ್ಯಾಯ

ಆಗಮನ ಕಾಲ ಆರಂಭವಾಗುತ್ತಿದ್ದಂತೆಯೇ ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳಿಗಾಗಿ ಕಥೆ ಹುಡುಕುವ ಕೆಲಸವೂ ಆರಂಭವಾಗುತ್ತದೆ. ಜ್ಞಾನೋಪದೇಶದ ತರಗತಿಗೊಂದು, ಕ್ರಿಸ್ಮಸ್ ಕಾರ್ಯಕ್ರಮದ ಕಿರುನಾಟಕಕ್ಕೊಂದು, ಮನೆಯಲ್ಲಿ ಗೋದಲಿ ಕಟ್ಟುತ್ತಾ ಹೇಳಲು ಮತ್ತೊಂದು. ಹೀಗೆ ಹುಡುಕುವಾಗ ಪದೇ ಪದೇ ಕೈಗೆ ಸಿಗುವುದು ಅಕ್ಕತಂಗಿಯರ ಕಥೆ. ಅವರು ಉಡುಗೊರೆಗಾಗಿ ಜಗಳವಾಡುತ್ತಾರೆ; ಬಡ ಮಗುವೊಂದು ಕಣ್ಣಿಗೆ ಬೀಳುತ್ತದೆ; ತಮ್ಮದನ್ನು ಅದಕ್ಕೆ ಕೊಡುತ್ತಾರೆ; ರಾತ್ರಿಯಾಗುವುದರೊಳಗೆ ಕೊಟ್ಟದ್ದಕ್ಕಿಂತ ದೊಡ್ಡದು ಅವರಿಗೆ ಮರಳಿ ಬರುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ.

ಈ ಬಗೆಯ ಕಥೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಅಮೆರಿಕದ ಲೇಖಕಿ ಲೂಯಿಸಾ ಮೇ ಆಲ್ಕಾಟ್ ಅವರ 'ಲಿಟ್ಲ್ ವಿಮೆನ್' ಕಾದಂಬರಿಯ ಮೊದಲೆರಡು ಅಧ್ಯಾಯಗಳು. ಕಾದಂಬರಿಯ ಮೊದಲ ಭಾಗ ಪ್ರಕಟವಾದದ್ದು 1868ರಲ್ಲಿ. ಅಂತರ್ಯುದ್ಧದ ಕಾಲ. ತಂದೆ ಸೇನೆಯಲ್ಲಿ ಉಪದೇಶಕರಾಗಿ ದೂರದಲ್ಲಿದ್ದಾರೆ. ಮನೆಯಲ್ಲಿ ತಾಯಿ, ಮೆಗ್, ಜೋ, ಬೆತ್, ಏಮಿ ಎಂಬ ನಾಲ್ವರು ಹೆಣ್ಣುಮಕ್ಕಳು ಮತ್ತು ಹ್ಯಾನಾ ಎಂಬ ಹಳೆಯ ಕೆಲಸದಾಕೆ. ಪ್ರತಿಯೊಬ್ಬಳ ಬಳಿಯೂ ಇರುವುದು ಒಂದೇ ಒಂದು ಡಾಲರ್. ತಮಗೇನು ಕೊಳ್ಳಬೇಕೆಂದು ಮೊದಲು ಗೊಣಗಿದವರು ಬಳಿಕ ತಾಯಿಗೇ ಉಡುಗೊರೆ ತರಲು ನಿಶ್ಚಯಿಸುತ್ತಾರೆ. ಕಿರಿಯವಳಾದ ಏಮಿ ಅಗ್ಗದ ಸಣ್ಣ ಸುಗಂಧದ ಸೀಸೆ ಕೊಂಡು ಸ್ವಲ್ಪ ಹಣ ತನಗೆಂದು ಉಳಿಸಿಕೊಂಡಿದ್ದಳು. ಹಬ್ಬದ ಬೆಳಿಗ್ಗೆ ಯಾರಿಗೂ ಹೇಳದೆ ಅಂಗಡಿಗೆ ಓಡಿಹೋಗಿ, ಎಲ್ಲ ಹಣವನ್ನೂ ಕೊಟ್ಟು ದೊಡ್ಡ ಸೀಸೆಗೆ ಬದಲಾಯಿಸಿಕೊಂಡು ಬರುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ಬಹಳ ಪ್ರಿಯವಾದ ಪ್ರಸಂಗವಿದು.

ಅಂದೇ ಬೆಳಿಗ್ಗೆ ತಾಯಿ ಹಮ್ಮೆಲ್ ಎಂಬ ಜರ್ಮನ್ ವಲಸಿಗರ ಮನೆಯಿಂದ ಮರಳಿ ಬರುತ್ತಾಳೆ. ಅಲ್ಲಿ ಬಾಣಂತಿ, ಹಸುಗೂಸು, ಬೆಂಕಿಯಿಲ್ಲದ ಒಲೆ, ಚಳಿಗೆ ಒಂದೇ ಹಾಸಿಗೆಯಲ್ಲಿ ಮುದುಡಿದ ಆರು ಮಕ್ಕಳು. ನಿಮ್ಮ ಉಪಾಹಾರವನ್ನೇ ಅವರಿಗೆ ಕ್ರಿಸ್ಮಸ್ ಕಾಣಿಕೆಯಾಗಿ ಕೊಡುವಿರಾ ಎಂದು ಕೇಳುತ್ತಾಳೆ. ಒಂದು ತಾಸಿನಿಂದ ಹಸಿದು ಕಾದಿದ್ದ ಹುಡುಗಿಯರು ಕ್ಷಣಕಾಲ ಬಾಯಿ ಬಿಡುವುದಿಲ್ಲ. ಆ ಮೌನವನ್ನು ಲೇಖಕಿ ಮರೆಮಾಚಿಲ್ಲ. ಬಳಿಕ ಬಿಸಿ ತಿಂಡಿ, ಕೆನೆ ಎಲ್ಲವನ್ನೂ ಹೊತ್ತುಕೊಂಡು, ಜನ ಕಾಣದ ಹಿಂಬದಿಯ ಬೀದಿಗಳಲ್ಲಿ ನಡೆದು ಹೋಗುತ್ತಾರೆ. ಹ್ಯಾನಾ ಸೌದೆ ಒಯ್ದು ಬೆಂಕಿ ಹೊತ್ತಿಸಿ, ಒಡೆದ ಕಿಟಕಿಗೆ ಹಳೆಯ ಟೋಪಿಗಳನ್ನೂ ತನ್ನ ಮೇಲಂಗಿಯನ್ನೂ ತುರುಕುತ್ತಾಳೆ. ಹುಡುಗಿಯರು ಮನೆಗೆ ಬಂದು ತಿಂದದ್ದು ಬರಿಯ ಬ್ರೆಡ್ಡು, ಹಾಲು. ಸಂಜೆ ಪಕ್ಕದ ಮನೆಯ ಶ್ರೀಮಂತ ವೃದ್ಧ ಲಾರೆನ್ಸ್ ಈ ಸಂಗತಿ ತಿಳಿದು ಐಸ್‌ಕ್ರೀಮು, ಕೇಕು, ಹಣ್ಣು, ಹೂಗುಚ್ಛಗಳನ್ನು ಕಳುಹಿಸುತ್ತಾರೆ.

ಹಲವು ವರ್ಷ ಜ್ಞಾನೋಪದೇಶದ ತರಗತಿಯಲ್ಲಿ ಈ ಕಥೆ ಹೇಳಿದ ನಾನು ಪ್ರತಿ ಸಲವೂ ಐಸ್‌ಕ್ರೀಮಿನಲ್ಲೇ ನಿಲ್ಲಿಸಿದ್ದೇನೆ. ಹಾಗೆ ನಿಲ್ಲಿಸಿದ್ದು ತಪ್ಪೆಂಬುದು ಈಗ ನನ್ನ ಅಭಿಪ್ರಾಯ.

ಏಕೆಂದರೆ ಹಮ್ಮೆಲ್ ಕುಟುಂಬದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹದಿನೇಳನೆಯ ಅಧ್ಯಾಯಕ್ಕೆ ಬನ್ನಿ. ಮುಂದಿನ ಚಳಿಗಾಲ ಕಾಲಿಡುತ್ತಿದೆ. ತಂದೆಗೆ ಕಾಯಿಲೆಯೆಂಬ ಸುದ್ದಿ ಬಂದು ತಾಯಿ ವಾಷಿಂಗ್ಟನ್ನಿಗೆ ತೆರಳಿದ್ದಾಳೆ. ಹಮ್ಮೆಲ್ ಮನೆಯವರನ್ನು ಮರೆಯಬೇಡಿರೆಂದು ಹೇಳಿಯೇ ಹೋಗಿದ್ದಾಳೆ. ಮೊದಲ ವಾರ ನಾಲ್ವರೂ ಆದರ್ಶ ಕನ್ಯೆಯರು. ಆಮೇಲೆ ಉತ್ಸಾಹ ಇಳಿಯುತ್ತದೆ. ಅವರನ್ನು ನೋಡಿಬರಬಾರದೇ ಎಂದು ಬೆತ್ ಕೇಳಿದರೆ ಮೆಗ್‌ಗೆ ಆಯಾಸ. ಜೋಗೆ ನೆಗಡಿ. ಗೆಳೆಯನೊಡನೆ ಹೊರಗೆ ಸುತ್ತಾಡಲು ಅಡ್ಡಿಯಾಗದ ನೆಗಡಿ ಹಮ್ಮೆಲ್ ಮನೆಗೆ ಹೋಗಲು ಮಾತ್ರ ಅಡ್ಡಿ. ಅದನ್ನು ಆಕೆಯೇ ನಕ್ಕು ಒಪ್ಪಿಕೊಳ್ಳುತ್ತಾಳೆ. ಏಮಿ ಬಂದಾಳೆಂದು ಒಂದು ತಾಸು ಕಾಯುತ್ತಾರೆ, ಬರಲಿಲ್ಲ. ಆವರೆಗೂ ದಿನವೂ ಒಬ್ಬಳೇ ಹೋಗಿಬರುತ್ತಿದ್ದ ಬೆತ್, ತಲೆನೋವಿನಲ್ಲೇ ಬುಟ್ಟಿ ತುಂಬಿಕೊಂಡು ಹೊರಡುತ್ತಾಳೆ. ತಾಯಿ ವೈದ್ಯರನ್ನು ಕರೆತರಲು ಹೋಗಿದ್ದಾಗ ಆ ಮನೆಯ ಹಸುಗೂಸು ಬೆತ್‌ಳ ಮಡಿಲಲ್ಲೇ ಪ್ರಾಣ ಬಿಡುತ್ತದೆ. ಅದಕ್ಕಿದ್ದದ್ದು ಸ್ಕಾರ್ಲೆಟ್ ಜ್ವರ. ಬೆತ್‌ಗೂ ಅದು ಅಂಟುತ್ತದೆ. ಆಗ ಬದುಕುಳಿದರೂ ಹಳೆಯ ಶಕ್ತಿ ಮರಳಲಿಲ್ಲ. 1869ರಲ್ಲಿ ಬಂದ ಎರಡನೆಯ ಭಾಗದಲ್ಲಿ ಅವಳು ತೀರಿಕೊಳ್ಳುತ್ತಾಳೆ.

ಉಪಾಹಾರ ಹೊತ್ತುಕೊಂಡು ಹೋದ ದಿನ ನಾಲ್ವರಿದ್ದರು. ಹಬ್ಬವಿಲ್ಲದ ಸಾಮಾನ್ಯ ದಿನ ಉಳಿದವಳು ಒಬ್ಬಳು. ಆಲ್ಕಾಟ್ ಇದನ್ನು ಬೋಧನೆಯಾಗಿ ಬರೆಯಲಿಲ್ಲ, ನಡೆದದ್ದನ್ನು ಹೇಳುವಂತೆ ಹೇಳಿದರು. ಅವರ ಮನೆಯಲ್ಲಿ ಇಂಥದು ನಡೆದೇ ಇತ್ತು. 1856ರಲ್ಲಿ ನ್ಯೂ ಹ್ಯಾಂಪ್‌ಶೈರಿನ ವಾಲ್‌ಪೋಲ್ ಊರಿನಲ್ಲಿ ಅವರ ತಾಯಿ ಬಡ ಕುಟುಂಬವೊಂದರ ಆರೈಕೆ ಮಾಡುತ್ತಿದ್ದಾಗ ತಂಗಿ ಎಲಿಜಬೆತ್‌ಗೆ ಇದೇ ಜ್ವರ ತಗಲಿತು. ಎರಡು ವರ್ಷ ನರಳಿ, 1858ರ ಮಾರ್ಚ್ 14ರಂದು ಎಲಿಜಬೆತ್ ನಿಧನಳಾದಾಗ ವಯಸ್ಸು 22. ಹತ್ತು ವರ್ಷಗಳ ಬಳಿಕ, ಹುಡುಗಿಯರಿಗಾಗಿ ಪುಸ್ತಕ ಬರೆಯಿರೆಂದು ಪ್ರಕಾಶಕರು ಒತ್ತಾಯಿಸಿದಾಗ, ಅಷ್ಟೇನೂ ಮನಸ್ಸಿಲ್ಲದೆ ಲೇಖನಿ ಹಿಡಿದ ಅಕ್ಕನಿಗೆ ಬರೆಯಲು ಇದ್ದದ್ದು ತನ್ನ ಮನೆಯ ಕಥೆಯೇ.

ಹಬ್ಬದ ಹೊತ್ತಿನಲ್ಲಿ ಮಕ್ಕಳ ಮುಂದೆ ಸಾವಿನ ಮಾತೇಕೆ ಎಂದು ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಧರ್ಮಸಭೆಯ ಪಂಚಾಂಗವನ್ನೇ ನೋಡಿರಿ. ಕ್ರಿಸ್ತ ಜಯಂತಿಯ ಮರುದಿನ, ಡಿಸೆಂಬರ್ 26ರಂದು, ಕಲ್ಲೆಸೆತಕ್ಕೆ ಬಲಿಯಾದ ಸಂತ ಸ್ತೇಫನರ ಹಬ್ಬ. 28ರಂದು ಹೆರೋದನಿಂದ ಹತರಾದ ಹಸುಳೆಗಳ ಸ್ಮರಣೆ. ಗೋದಲಿಯ ಹುಲ್ಲು ಬಾಡುವ ಮೊದಲೇ ಧರ್ಮಸಭೆ ಮಕ್ಕಳಿಗೂ ಇದನ್ನು ಹೇಳುತ್ತದೆ. ದಾನ ಮಾಡಿದರೆ ಜ್ವರ ಬರುತ್ತದೆಂದು ಮಕ್ಕಳನ್ನು ಹೆದರಿಸಬೇಕೆಂಬುದು ನನ್ನ ವಾದವಲ್ಲ. ತೀರ ಎಳೆಯರಿಗೆ ಬೆತ್‌ಳ ಸಾವಿನವರೆಗೆ ಹೋಗಬೇಕಾಗಿಯೂ ಇಲ್ಲ. ಆದರೆ ಮೆಗ್‌ಳ ಆಯಾಸ, ಜೋಳ ನೆಗಡಿ ನಮ್ಮ ಮಕ್ಕಳಿಗೆ ಚೆನ್ನಾಗಿ ಪರಿಚಿತ. ಹಿರಿಯರಿಗಂತೂ ಇನ್ನೂ ಚೆನ್ನಾಗಿ. ಸಂಜೆಗೆ ಐಸ್‌ಕ್ರೀಮು ಬರುವ ಕಥೆಯನ್ನಷ್ಟೇ ಕೇಳಿ ಬೆಳೆದ ಮಗು, ಒಂದು ವರ್ಷ ಅದು ಬಾರದಿದ್ದಾಗ ಮೋಸಹೋದೆನೆಂದು ತಿಳಿದೀತು.

ಆಲ್ಕಾಟ್ ಕಥೋಲಿಕರಲ್ಲ, ಅವರ ಪುಸ್ತಕ ನಮಗೇಕೆ ಎನ್ನುವವರೂ ಇದ್ದಾರೆ. ಅಂಥವರು ಇನ್ನೆರಡು ಅಧ್ಯಾಯ ಮುಂದೆ ಓದಲಿ. ಅಲ್ಲಿ ಚಿಕ್ಕಜ್ಜಿಯ ಮನೆಯ ಫ್ರೆಂಚ್ ದಾಸಿಯೊಬ್ಬಳಿದ್ದಾಳೆ. ಎಸ್ಟೆಲ್ ಎಂಬ ತನ್ನ ಹೆಸರನ್ನು ಯಜಮಾನಿಯ ಅಪ್ಪಣೆಯಂತೆ ಎಸ್ತರ್ ಎಂದು ಬದಲಾಯಿಸಿಕೊಳ್ಳಲು ಒಪ್ಪಿದವಳು, ಧರ್ಮ ಬದಲಾಯಿಸೆಂದು ಮಾತ್ರ ಕೇಳಬಾರದೆಂಬ ಷರತ್ತು ಹಾಕಿದ್ದಳು. ಬೆತ್ ಜ್ವರದಲ್ಲಿದ್ದಾಗ ಆ ಮನೆಯಲ್ಲಿ ಒಂಟಿಯಾಗಿದ್ದ ಏಮಿಗೆ ಪ್ರಾರ್ಥಿಸಲು ಪುಟ್ಟ ಕೋಣೆಯೊಂದನ್ನು ಸಿದ್ಧಪಡಿಸಿ, ದೇವಮಾತೆಯ ಚಿತ್ರವಿಟ್ಟುಕೊಟ್ಟವಳು ಈ ಜಪಸರದ ಹೆಣ್ಣೇ.

ಈ ವರ್ಷ ನಮ್ಮ ತರಗತಿಯಲ್ಲಿ ಉಪಾಹಾರದ ಕಥೆಯನ್ನು ಎಂದಿನಂತೆ ಕ್ರಿಸ್ಮಸ್‌ಗೆ ಮುಂಚಿನ ಭಾನುವಾರ ಹೇಳುತ್ತೇನೆ. ಹದಿನೇಳನೆಯ ಅಧ್ಯಾಯವನ್ನು ಫೆಬ್ರವರಿಯ ಮೊದಲ ಭಾನುವಾರಕ್ಕೆ ಇಟ್ಟುಕೊಂಡಿದ್ದೇನೆ. ಡಿಸೆಂಬರಿನಲ್ಲಿ ಮಕ್ಕಳು ಅಕ್ಕಿ, ಕಂಬಳಿ ಕೊಟ್ಟು ಬರುವ ಮನೆಗಳ ಪಟ್ಟಿಯೂ ಅಂದು ಮೇಜಿನ ಮೇಲಿರುತ್ತದೆ.