‘ನಿಮಗೆ ಅರ್ಥವಾಗಲ್ಲ ಬಿಡಿ’

ಮೊಳಕಾಲ್ಮೂರಿನ ನನ್ನ ನಾದಿನಿ ರೇಷ್ಮೆಸೀರೆ ನೇಯುವವಳು. ಸಾವಿರಾರು ಎಳೆಗಳಲ್ಲಿ ಕಡಿದ ಒಂದೆಳೆಯನ್ನು ಹುಡುಕಿ ಗಂಟು ಹಾಕುತ್ತಾಳೆ. ಅಂಥವಳಿಗೆ ಚಳ್ಳಕೆರೆಯ ಮೊಬೈಲ್ ಅಂಗಡಿಯ ಹುಡುಗ ಹೇಳಿದ್ದು ಈ ಮಾತು!

ಫೋನಿನಲ್ಲಿ ಮಾತು ಬರುತ್ತಿತ್ತು, ಇಂಟರ್ನೆಟ್ ಇಲ್ಲ. ಗಿರಾಕಿಗೆ ಸೀರೆಯ ಫೋಟೋ ಹೋಗದು. “ಬೋರ್ಡ್ ಹೋಗಿದೆ ಆಂಟಿ, ಹೊಸದು ತಗೊಳ್ಳಿ” ಎಂದನಾತ. ಎಂಟು ಸಾವಿರದ ಮಾತು!

ಮನೆಗೆ ಬಂದು ಅವಳ ಸಿಮ್ಮನ್ನು ನನ್ನ ಫೋನಿಗೆ ಹಾಕಿದೆ. ನೆಟ್ ಬಂತು. ಅಂದಮೇಲೆ ಸಿಮ್ಮೂ ಸರಿ, ರೀಚಾರ್ಜೂ ಸರಿ. ಅವಳ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್, ಅದರೊಳಗೆ ಎಪಿಎನ್. ಇಂಟರ್ನೆಟ್ಟಿಗೆ ಹೋಗುವ ಬಾಗಿಲಿನ ಹೆಸರು ಅದು. ಬಿಎಸ್‌ಎನ್‌ಎಲ್ ಸಿಮ್ಮಿಗೆ ‘ಬಿಎಸ್‌ಎನ್‌ಎಲ್‌ನೆಟ್’. ಯಾರೋ ಕೈಯಾಡಿಸಿ ಒಂದಕ್ಷರ ಅಳಿಸಿದ್ದರು. ಅವಳೇ ತುಂಬಿದಳು. ಫೋಟೋ ಹೋಯಿತು. “ಇಷ್ಟೇನಾ ಅತ್ತಿಗೆ?” ಎಂದಳು.

ಬ್ಯಾಟರಿ ಉಬ್ಬಿದರೆ, ನೀರು ಹೊಕ್ಕರೆ ಅಂಗಡಿಗೇ ಹೋಗಬೇಕು, ನಿಜ. ಆದರೆ ಅಂಗಡಿಯವನನ್ನೊಬ್ಬನನ್ನೇ ಬೈದು ಏನು ಫಲ? ನಮ್ಮ ಮನೆಯ ಗಂಡಸರು, ನಾವೇ ಹೆತ್ತ ಮಕ್ಕಳು, “ಕೊಡಿಲ್ಲಿ” ಎಂದು ಕಿತ್ತುಕೊಂಡು ಕ್ಷಣದಲ್ಲಿ ಸರಿಮಾಡಿ ಕೊಡುತ್ತಾರೆ. ಏನು ಮಾಡಿದರೆಂದು ಮಾತ್ರ ತೋರಿಸುವುದಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನನಗೂ ಇದೇ ಉಪಚಾರ! ಈಗ ನಾನು ಫೋನು ಕೈಬಿಡುವುದಿಲ್ಲ. ಪಕ್ಕದಲ್ಲಿ ಕೂತು ಹೇಳು ಮಗನೇ, ಒತ್ತುವವಳು ನಾನು ಎನ್ನುತ್ತೇನೆ.